ಚಳಿ ದೇಶಗಳಲ್ಲಿ ಶರತ್ಕಾಲ ಬಂದಾಗ ಮರದ ಎಲೆಗಳು ಬಣ್ಣ ತಿರುಗಲು ಶುರುವಾಗಿದೆ ಅಂತ ಗುರುತಿಸುವುದು ಹೇಗೆ? ಪೂರ್ತಿ ಕೆಂಪಾಗುವವರೆಗೆ ಕಾಯಬೇಕಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಕಾಯಬೇಡಿ. ಎಲ್ಲರೂ ಫೋಟೋ ಹಾಕುವ ಆ ವಾರ ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆಗ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಬಣ್ಣ ಎಲ್ಲಿಂದ ಬರುತ್ತದೆ, ಎಲೆಯಲ್ಲಿ ಯಾವ ಕಡೆಯಿಂದ ಹರಡುತ್ತದೆ, ಪಕ್ಕಪಕ್ಕದ ಎರಡು ಮರಗಳು ಯಾಕೆ ಬೇರೆ ಬೇರೆ ಹೊತ್ತಿಗೆ ತಿರುಗುತ್ತವೆ ಅನ್ನುವುದೆಲ್ಲ ಕಾಣುವುದು ಶುರುವಿನಲ್ಲೇ. ನನಗಂತೂ ಆ ಮೊದಲ ಎರಡು ಮೂರು ವಾರವೇ ಇಷ್ಟ.

ಗುರುತಿಸುವ ವಿಷಯಕ್ಕೆ ಬರೋಣ. ಕೆಂಪನ್ನು ಹುಡುಕಬೇಡಿ. ಮೊದಲು ಆಗುವುದು ಹಸಿರು ಮಂಕಾಗುವುದು. ದೂರದಿಂದ ನೋಡಿದರೆ ಮರಕ್ಕೆ ಬೇಸಿಗೆಯ ಆ ದಟ್ಟ ಬಣ್ಣ ಇರುವುದಿಲ್ಲ, ತುಸು ಹಳದಿ ಬೆರೆತ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಒಂದು ಎಲೆ ಹಿಡಿದು ನೋಡಿ. ಎಷ್ಟೋ ಮರಗಳಲ್ಲಿ ಅಂಚು ಮತ್ತು ನರಗಳ ನಡುವಿನ ಜಾಗ ಮೊದಲು ಹಳದಿಯಾಗಿರುತ್ತದೆ, ನರಗಳ ಅಕ್ಕಪಕ್ಕ ಮಾತ್ರ ಹಸಿರು ಗೆರೆ ಉಳಿದಿರುತ್ತದೆ. ಮೇಪಲ್ ಮರ ಆದರೆ ತಲೆ ಎತ್ತಿ ನೋಡಿ. ಬಿಸಿಲು ಜಾಸ್ತಿ ಬೀಳುವ ಮೇಲಿನ, ಹೊರಗಿನ ರೆಂಬೆಗಳು ಸಾಮಾನ್ಯವಾಗಿ ಮೊದಲು ತಿರುಗುತ್ತವೆ, ಒಳಗಿನ ಎಲೆಗಳು ಇನ್ನೂ ಹಸಿರಾಗಿಯೇ ಇರುತ್ತವೆ.

ಒಂದು ಎಚ್ಚರಿಕೆ. ಬೇಸಿಗೆ ಮುಗಿಯುವ ಮುಂಚೆಯೇ ಒಂದೇ ಒಂದು ಕೊಂಬೆ ಕೆಂಪಾಗಿದ್ದರೆ ಅದು ಶರತ್ಕಾಲ ಅಲ್ಲ. ಆ ಕೊಂಬೆಗೆ ಪೆಟ್ಟಾಗಿರಬಹುದು, ರೋಗ ಬಂದಿರಬಹುದು, ಇಲ್ಲವೇ ಮರಕ್ಕೆ ನೀರು ಸಾಕಾಗಿಲ್ಲ. ತೊಗಟೆಗೆ ಗಾಯವಾದರೆ ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗೆ ಇಳಿಯಲಾಗದೆ ಅಲ್ಲೇ ಉಳಿದು ಕೆಂಪು ಬರುತ್ತದೆ.

ಇದೆಲ್ಲ ಚಳಿಯಿಂದಲೇ ಆಗುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಚಳಿ, ಮಳೆ ಎರಡೂ ಹಿಂದೆ ಮುಂದೆ ಮಾಡುತ್ತವೆ, ನಿಜ, ಆದರೆ ಮರಕ್ಕೆ ಮುಖ್ಯ ಸೂಚನೆ ಸಿಗುವುದು ರಾತ್ರಿ ಉದ್ದವಾಗುವುದರಿಂದ. ಬೀದಿ ದೀಪಕ್ಕೆ ತೀರಾ ಹತ್ತಿರವಿರುವ ಮರ ನೋಡಿ. ದೀಪದ ಕಡೆಯ ಎಲೆಗಳು ಕೆಲವೊಮ್ಮೆ ಉಳಿದವು ಉದುರಿದ ಮೇಲೂ ಹಸಿರಾಗಿ ಉಳಿದಿರುತ್ತವೆ. ಪಾಪ, ಅವಕ್ಕೆ ರಾತ್ರಿಯೇ ಆಗಿಲ್ಲ!

ಎಲೆಯೊಳಗೆ ನಡೆಯುವುದು ಹೀಗೆ. ಹಸಿರು ಕೊಡುವ ಕ್ಲೋರೊಫಿಲ್ ಬಿಸಿಲಿಗೆ ಕೆಡುತ್ತಲೇ ಇರುತ್ತದೆ, ಬೇಸಿಗೆಯುದ್ದಕ್ಕೂ ಎಲೆ ಹೊಸದನ್ನು ಮಾಡಿಕೊಳ್ಳುತ್ತಲೇ ಇರುತ್ತದೆ. ರಾತ್ರಿ ಉದ್ದವಾದಂತೆ ಆ ತಯಾರಿ ನಿಲ್ಲುತ್ತದೆ. ಇದ್ದದ್ದನ್ನೂ ಒಡೆದು, ಎಲೆಯಲ್ಲಿರುವ ಸಾರಜನಕದಂಥ ಬೇಕಾದ ಅಂಶಗಳನ್ನು ಮರ ಕೊಂಬೆ ಕಾಂಡಗಳಿಗೆ ಎಳೆದುಕೊಳ್ಳುತ್ತದೆ, ಮನೆ ಖಾಲಿ ಮಾಡುವವರು ಬೆಲೆಬಾಳುವ ಸಾಮಾನನ್ನು ಮೊದಲು ಸಾಗಿಸುವ ಹಾಗೆ. ಅದೇ ಹೊತ್ತಿಗೆ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆಯುತ್ತದೆ. ಎಲೆ ಕೊನೆಗೆ ಕಳಚಿಕೊಳ್ಳುವುದು ಅಲ್ಲೇ.

ಹಸಿರು ಹೋದಾಗ ಕಾಣುವ ಹಳದಿ ಹೊಸದೇನಲ್ಲ. ಅದು ಕ್ಯಾರೊಟಿನಾಯ್ಡ್‌ಗಳ ಬಣ್ಣ, ಎಲೆಯಲ್ಲಿ ಮೊದಲಿನಿಂದಲೂ ಇತ್ತು. ನಂಬಿಕೆ ಬರದಿದ್ದರೆ ಹಸಿರೆಲೆಯನ್ನೇ ಸ್ವಲ್ಪ ಸ್ಪಿರಿಟ್ಟಿನಲ್ಲಿ ಅರೆದು, ಫಿಲ್ಟರ್ ಪೇಪರಿನ ಒಂದು ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ ಇಡಿ. ಬಣ್ಣ ಮೇಲೇರುತ್ತಾ ಹಸಿರು ಬೇರೆ, ಹಳದಿ ಬೇರೆ ಆಗುತ್ತದೆ. ಮಕ್ಕಳಿದ್ದರೆ ಇದನ್ನು ಮಾಡಿ ತೋರಿಸಿ (ಸ್ಪಿರಿಟ್ ಬೆಂಕಿಯ ಹತ್ತಿರ ಬೇಡ).

ಕೆಂಪಿನ ಕಥೆ ಬೇರೆ. ಅದು ಆಂಥೋಸಯನಿನ್ ಅನ್ನುವ ಬಣ್ಣದ ಅಂಶ. ಬಹಳಷ್ಟು ಮರಗಳಲ್ಲಿ ಅದು ಬೇಸಿಗೆಯಲ್ಲಿ ಇರುವುದೇ ಇಲ್ಲ, ಉದುರುವ ಹೊತ್ತಿಗೆ ಎಲೆ ಅದನ್ನು ಹೊಸದಾಗಿ ತಯಾರಿಸುತ್ತದೆ, ಅದಕ್ಕೆ ಸಕ್ಕರೆಯೂ ಬೇಕು ಬೆಳಕೂ ಬೇಕು. ಹಾಗಾಗಿ ಒಂದು ಎಲೆಯ ಮೇಲೆ ಇನ್ನೊಂದು ಎಲೆ ಅಡ್ಡ ಕೂತಿದ್ದರೆ ಕೆಳಗಿನದರಲ್ಲಿ ನೆರಳು ಬಿದ್ದಷ್ಟು ಜಾಗ ಹಳದಿಯಾಗಿಯೇ ಉಳಿದು, ಸುತ್ತ ಕೆಂಪಾಗಿರುತ್ತದೆ. ಶುರುವಿನಲ್ಲಿ ಹುಡುಕಬೇಕಾದದ್ದು ಇಂಥದ್ದನ್ನು. ಇಡೀ ಬೆಟ್ಟ ಕೆಂಪಾಗಿರುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಾಯುವ ಎಲೆಗೆ ಮರ ಯಾಕೆ ಇಷ್ಟು ಖರ್ಚು ಮಾಡುತ್ತದೆ ಅನ್ನುವುದರ ಬಗ್ಗೆ ಇನ್ನೂ ಜಗಳ ಇದೆ. 2001ರಲ್ಲಿ ಹ್ಯಾಮಿಲ್ಟನ್ ಮತ್ತು ಬ್ರೌನ್ ಅನ್ನುವ ಜೀವವಿಜ್ಞಾನಿಗಳ ಒಂದು ಲೇಖನ ಬಂತು. ಗಾಢ ಬಣ್ಣ ಅಂದರೆ 'ನಾನು ಗಟ್ಟಿ ಮರ, ಇಲ್ಲಿ ಮೊಟ್ಟೆ ಇಡಬೇಡಿ' ಅಂತ ಕೀಟಗಳಿಗೆ ಕೊಡುವ ಎಚ್ಚರಿಕೆ ಅನ್ನುವುದು ಅದರ ವಾದ. ಇನ್ನೊಂದು ವಾದದ ಪ್ರಕಾರ, ಪೋಷಕಾಂಶ ಹಿಂದಕ್ಕೆ ಎಳೆದುಕೊಳ್ಳುವ ಹೊತ್ತಿನಲ್ಲಿ ಬಿಸಿಲಿನಿಂದ ಎಲೆಗೆ ಹಾನಿಯಾಗದಂತೆ ಕೆಂಪು ಕಾಪಾಡುತ್ತದೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಬಿಸಿಲು ಬಿದ್ದ ಕಡೆಯೇ ಕೆಂಪು ಜಾಸ್ತಿ ಅಲ್ವಾ? ಮೊದಲನೆಯದು ಕೇಳಲು ಚೆಂದ, ಹಾಗಾಗಿ ಎಲ್ಲರಿಗೂ ನೆನಪಿರುತ್ತದೆ.

ಒಂದೊಂದು ವರ್ಷ ಒಂದೊಂದು ಥರ ಯಾಕೆ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಣ್ಣಗೆ, ಆದರೆ ಹಿಮಗಟ್ಟುವಷ್ಟಲ್ಲ, ಹೀಗೆ ಒಂದಷ್ಟು ದಿನ ಸಿಕ್ಕರೆ ಕೆಂಪು ಚೆನ್ನಾಗಿ ಬರುತ್ತದೆ. ಮೋಡ ಮುಚ್ಚಿ ರಾತ್ರಿಯೂ ಬೆಚ್ಚಗಿದ್ದರೆ ಹಳದಿ ಬರುತ್ತದೆ, ಕೆಂಪು ಸಪ್ಪೆ. ಬೇಗನೆ ಹಿಮ ಬಿದ್ದರೆ ಎಲೆ ಕಂದಾಗಿ ಹೋಗುತ್ತದೆ, ಅಷ್ಟೇ.

ಯಾವಾಗ ಅನ್ನುವುದು ಜಾಗದ ಮೇಲೆ ಹೋಗುತ್ತದೆ. ಒಂದೇ ಸೀಮೆಯಲ್ಲಿ ಎತ್ತರದ ಜಾಗ ಮೊದಲು, ತಗ್ಗು ಆಮೇಲೆ. ಜಪಾನಿನಲ್ಲಿ ಬಣ್ಣ ಸೆಪ್ಟೆಂಬರಿನಲ್ಲಿ ಹೊಕ್ಕೈಡೊದ ಬೆಟ್ಟಗಳಲ್ಲಿ ಶುರುವಾಗಿ ದಕ್ಷಿಣಕ್ಕೆ ಇಳಿಯುತ್ತಾ ಕ್ಯೂಶೂ ಮುಟ್ಟುವ ಹೊತ್ತಿಗೆ ನವೆಂಬರ್ ಕೊನೆಯಾಗಿರುತ್ತದೆ. ಅಮೆರಿಕದ ವರ್ಮಾಂಟಿನ ಉತ್ತರ ಭಾಗದ ಬೆಟ್ಟಗಳಲ್ಲಿ ಸೆಪ್ಟೆಂಬರ್ ಕೊನೆಗೇ ಜೋರಾಗಿರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ತಿಂಗಳು ಉಲ್ಟಾ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಬೆಟ್ಟಗಳಲ್ಲಿ ಫೇಗಸ್ ಅನ್ನುವ ಪುಟ್ಟ ಮರ ಬಣ್ಣ ತಿರುಗುವುದು ಏಪ್ರಿಲ್ ಕೊನೆಯ ಹೊತ್ತಿಗೆ.

ನೋಡುವ ರೀತಿ ಹೇಳಬೇಕೆಂದರೆ, ಹತ್ತು ಜಾಗ ಸುತ್ತುವುದಕ್ಕಿಂತ ದಿನಾ ಓಡಾಡುವ ದಾರಿಯಲ್ಲಿರುವ ಒಂದೆರಡು ಮರ ಆರಿಸಿಕೊಳ್ಳಿ. ಬೆಳಿಗ್ಗೆ ಅಥವಾ ಸಂಜೆ, ಎಲೆಯ ಹಿಂದೆ ಸೂರ್ಯ ಬರುವ ಹಾಗೆ ನಿಂತು ನೋಡಿ, ಬೆಳಕು ಎಲೆಯನ್ನು ದಾಟಿ ಬಂದಾಗ ನರಗಳ ಹಸಿರು ಎದ್ದು ಕಾಣುತ್ತದೆ. ಬರ್ಚ್ ಅಥವಾ ಆಸ್ಪೆನ್ ಸಿಕ್ಕರೆ ಹಳದಿ ಬಿಟ್ಟು ಬೇರೆ ಬಣ್ಣವನ್ನು ಅಷ್ಟಾಗಿ ನಿರೀಕ್ಷಿಸಬೇಡಿ. ಗಿಂಕ್ಗೊ ಇದ್ದರೆ ತಡಮಾಡಬೇಡಿ, ಗಟ್ಟಿ ಹಿಮ ಬಿದ್ದ ಮೇಲೆ ಅದು ಒಂದೇ ದಿನದಲ್ಲಿ ಎಲೆಯನ್ನೆಲ್ಲ ಸುರಿಸಿಬಿಡುವುದೂ ಉಂಟು. ಹತ್ತಿರ ಇರುವುದು ಬರೀ ಓಕ್ ಆದರೆ ಅವಸರ ಇಲ್ಲ. ಉಳಿದ ಮರ ಮುಗಿಸಿದ ಮೇಲೆ ಅದರ ಸರದಿ, ಮತ್ತು ಕೆಲವು ಓಕ್‌ಗಳು ಒಣಗಿದ ಕಂದು ಎಲೆಗಳನ್ನು ಚಳಿಗಾಲದಲ್ಲೂ ಉದುರಿಸದೆ ಹಾಗೇ ಇಟ್ಟುಕೊಂಡಿರುತ್ತವೆ, ಅದನ್ನು ನೋಡಿ ಮರ ಸತ್ತಿದೆ ಅಂದುಕೊಳ್ಳಬೇಡಿ.