ಹಳೇ ಸಂಸತ್ ಭವನದ ಮಾದರಿಗೆ ಕಂಬದ ಅಳತೆ

ಟೀಚರೇ, ಕುಂಬಳೆಯ ಮಕ್ಕಳು ಸಮಾಜ ವಿಜ್ಞಾನ ಮೇಳಕ್ಕೆ ಮಾಡುವ ದೆಹಲಿಯ ಹಳೇ ಸಂಸತ್ ಭವನಕ್ಕೆ ಕಂಬ ಎಷ್ಟೆತ್ತರ, ಎಷ್ಟು ದೂರಕ್ಕೊಂದು ಅಂತ ಕೇಳಿದ್ದೀರಿ. ಅಸಲು ಕಟ್ಟಡದ ವ್ಯಾಸ 560 ಅಡಿ. ಕಂಬ 144, ಎತ್ತರ 27 ಅಡಿ. 1:200 ಅಳತೆಯಲ್ಲಿ ವ್ಯಾಸ 85 ಸೆಂ.ಮೀ., ಕಂಬ 4 ಸೆಂ.ಮೀ., ಸರಾಸರಿ 1.9 ಸೆಂ.ಮೀ.ಗೊಂದು.

ಕಂಬಕ್ಕೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಯ ಬುಡದ ಭಾಗ ಮಾತ್ರ ಕತ್ತರಿಸಿ; ತುದಿ ಸಪೂರ, ಸಾಲು ಓರೆಕೋರೆ ಕಾಣುತ್ತದೆ. ಹೆಚ್ಚಿನವರು ಕಂಬಗಳನ್ನು ನೆಲದಿಂದಲೇ ಎಬ್ಬಿಸುತ್ತಾರೆ, ಅಲ್ಲೇ ಮಾದರಿ ಕೆಡುವುದು. ಅಸಲು ಕಟ್ಟಡದಲ್ಲಿ ಅವು ನಿಂತಿರುವುದು ಮೊದಲ ಮಹಡಿಯ ತೆರೆದ ವರಾಂಡದ ಅಂಚಿನಲ್ಲಿ. ಹಾಗಾಗಿ ಮೊದಲು ರಟ್ಟಿನ ಗೋಡೆ ಸುತ್ತಿ, ಅದರ ಮೇಲೆ ಕಂಬ ಅಂಟಿಸಿ. ಬಣ್ಣ ತಿಳಿ ಕೆನೆ.

ಮೇಲಿನಿಂದ ನೋಡುವವರಿಗೆ ಒಳಗೂ ಕಾಣಬೇಕಲ್ಲ: ನಡುವೆ 15 ಸೆಂ.ಮೀ. ವ್ಯಾಸದ ಗುಮ್ಮಟ, ಸುತ್ತ ಮೂರು ಸಭಾಂಗಣ, ಅವುಗಳ ನಡುವೆ ಮೂರು ಅಂಗಳ. ಅಂಗಳ ಮುಚ್ಚಬೇಡಿ.