ನೆರೆ ಬಿಟ್ಟುಹೋದ ಮರಳಿನ ಪದರಗಳು

ಪ್ರಶ್ನೆ: ನಮ್ಮ ಊರು ಕೃಷ್ಣೆಯ ದಂಡೆಯಲ್ಲಿದೆ. ನದಿಯ ಹರಿವನ್ನು ಅಳೆದಿಟ್ಟ ಲೆಕ್ಕ ಹೆಚ್ಚೆಂದರೆ ನೂರು ವರ್ಷದ್ದಿರುವಾಗ, ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ನೆರೆ ಎಷ್ಟು ದೊಡ್ಡದೆಂದು ಹೇಗೆ ಹೇಳುತ್ತಾರೆ? ಹಳೆಯ ನೆರೆಗಳ ಗುರುತು ನೆಲದಲ್ಲಿ ಉಳಿದಿರುತ್ತದೆಯೇ?

ಉತ್ತರ: ಇರುವ ಅಲ್ಪ ಲೆಕ್ಕವನ್ನೇ ಸಂಖ್ಯಾಶಾಸ್ತ್ರದ ನೆರವಿನಿಂದ ಹಿಗ್ಗಿಸಿ ಆ ಅಂದಾಜು ಮಾಡುತ್ತಾರೆ; ಹಿಗ್ಗಿಸಿದಷ್ಟೂ ಅದರ ಖಚಿತತೆ ಕಡಿಮೆಯಾಗುತ್ತದೆ. ಸುಮಾರು 19 ಲಕ್ಷ ಕ್ಯೂಸೆಕ್ ನೆರೆಯನ್ನು ಗಣನೆಗೆ ತೆಗೆದುಕೊಂಡು ಕಟ್ಟಿದ ಶ್ರೀಶೈಲ ಅಣೆಕಟ್ಟೆಗೆ 2009ರ ಅಕ್ಟೋಬರಿನಲ್ಲಿ ನಿಮ್ಮ ಕೃಷ್ಣೆಯೇ ಸುಮಾರು 25 ಲಕ್ಷ ಕ್ಯೂಸೆಕ್ ನೀರು ತಂದು ಸುರಿದಳು.

ಗುರುತುಗಳು ಉಳಿಯುತ್ತವೆ, ಆದರೆ ಎಲ್ಲೆಡೆಯಲ್ಲ. ಬಂಡೆಗಳ ಕಮರಿಯಲ್ಲಿ ನದಿ ಉಕ್ಕಿ ಏರಿದಾಗ, ಬಂದು ಸೇರುವ ಹಳ್ಳಗಳ ಬಾಯಿಯಲ್ಲಿ, ಗುಹೆಗಳಲ್ಲಿ, ಬಂಡೆಯ ಮರೆಯಲ್ಲಿ ನೀರಿನ ವೇಗ ತಗ್ಗಿ, ಅದು ಹೊತ್ತು ತಂದ ಸಣ್ಣ ಮರಳು ಮತ್ತು ಹೂಳು ತಳಕ್ಕಿಳಿದು ಒಂದು ಪದರವಾಗುತ್ತದೆ. ಮುಂದಿನ ದೊಡ್ಡ ನೆರೆ ಅದರ ಮೇಲೆ ಇನ್ನೊಂದು ಪದರವನ್ನು ಹಾಸುತ್ತದೆ. ನಡುವೆ ಒಣಗಿದ ಎಲೆ, ಇದ್ದಿಲ ಚೂರು, ಹುಳು ಕೊರೆದ ಮಣ್ಣು ಸಿಕ್ಕಿದರೆ ಅವು ಬೇರೆ ಬೇರೆ ನೆರೆಗಳೆಂದು ತಿಳಿಯುತ್ತದೆ. ಇದ್ದಿಲಿನಲ್ಲಿರುವ ಇಂಗಾಲದಿಂದ, ಇಲ್ಲವೇ ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದರಿಂದ ಪದರದ ವಯಸ್ಸನ್ನು ಕಂಡುಹಿಡಿಯುತ್ತಾರೆ. ಪದರ ಇರುವ ಎತ್ತರಕ್ಕೆ ನೀರು ಕನಿಷ್ಠ ಏರಿತ್ತೆಂಬುದು ಖಚಿತ. ಬಂಡೆಗಳ ನಡುವಿನ ನದಿಪಾತ್ರ ಶತಮಾನಗಳಲ್ಲಿ ಅಷ್ಟಾಗಿ ಬದಲಾಗದ ಕಾರಣ ಆ ಎತ್ತರದಿಂದ ಹರಿವಿನ ಪ್ರಮಾಣವನ್ನೂ ಲೆಕ್ಕ ಹಾಕಬಹುದು.

ನಮ್ಮ ದೇಶದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ನರ್ಮದೆ. ಪುಣೆಯ ಭೂಗೋಳಶಾಸ್ತ್ರಜ್ಞ ವಿಶ್ವಾಸ್ ಕಾಳೆಯವರು ಅಮೆರಿಕದ ವಿಕ್ಟರ್ ಬೇಕರ್, ಲೀಸಾ ಈಲಿ ಮೊದಲಾದವರೊಂದಿಗೆ 1990ರ ದಶಕದಲ್ಲಿ ಅಲ್ಲಿನ ಕಮರಿಗಳ ಪದರಗಳನ್ನು ಓದಿದರು. 1970ರ ಸೆಪ್ಟೆಂಬರಿನಲ್ಲಿ ಗುಜರಾತಿನ ಗರುಡೇಶ್ವರದ ಬಳಿ ಸೆಕೆಂಡಿಗೆ ಸುಮಾರು 69,400 ಘನಮೀಟರ್, ಅಂದರೆ ಸುಮಾರು 24.5 ಲಕ್ಷ ಕ್ಯೂಸೆಕ್ ಹರಿದ ನೆರೆಯಂಥವು ಹಿಂದೆಯೂ ಬಂದಿದ್ದವೇ ಎಂಬುದಕ್ಕೆ ಉತ್ತರ ಸಿಗುವುದು ಇಂಥ ಪದರಗಳಲ್ಲೇ. 20ನೇ ಶತಮಾನದ ಉತ್ತರಾರ್ಧದ ನೆರೆಗಳು ಹಲವು ಶತಮಾನಗಳಲ್ಲೇ ಅಸಾಧಾರಣವಾದವು ಎಂಬುದು ಅವರ ಓದಿನಿಂದ ತಿಳಿಯಿತು. ಒಂದು ಎತ್ತರದಿಂದ ಮೇಲೆ ಪದರವೇ ಇಲ್ಲದಿರುವುದೂ, ಪದರ ಸವೆದುಹೋಗಿಲ್ಲವೆಂದು ಖಾತ್ರಿಯಾದಾಗ, ನೀರು ಅದಕ್ಕಿಂತ ಮೇಲೆ ಏರಿಲ್ಲವೆಂಬುದಕ್ಕೆ ನನ್ನ ದೃಷ್ಟಿಯಲ್ಲಿ ಅಷ್ಟೇ ಬೆಲೆಯುಳ್ಳ ಸಾಕ್ಷ್ಯ.

ಆದರೂ ಹಿಂದಿನ ನೆರೆಗಳನ್ನು ಎಣಿಸಿ ಮುಂದಿನವುಗಳ ಸರಾಸರಿಯನ್ನು ನೇರವಾಗಿ ಹೇಳುವುದು ತಪ್ಪು. ಮುಂಗಾರಿನ ಸ್ವಭಾವ ಬದಲಾಗುತ್ತಿದೆ, ಕಾಡು ಕಡಿದ ನೆಲದಿಂದ ನೀರು ಬೇಗ ಹರಿದು ಬರುತ್ತದೆ, ಅಣೆಕಟ್ಟೆಗಳು ಹರಿವನ್ನೇ ತಿದ್ದಿವೆ. ಪದರಗಳು ತಿಳಿಸುವುದು ಆ ನದಿ ಎಷ್ಟು ನೀರು ತರಬಲ್ಲದು, ತಂದಿದೆ ಎಂಬುದನ್ನು. ನೂರು ವರ್ಷಕ್ಕೊಮ್ಮೆ ಎಂದು ಕರೆಯುವ ನೆರೆಗೂ ಪ್ರತಿ ವರ್ಷ ನೂರರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಮೂವತ್ತು ವರ್ಷ ದಂಡೆಯಲ್ಲಿ ಬಾಳುವ ಮನೆಗೆ ಅದು ಸುಮಾರು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಆದ್ದರಿಂದ ಕಮರಿಗಳು ಜಲಾಶಯದಲ್ಲಿ ಮುಳುಗುವ ಮೊದಲೇ ಅಲ್ಲಿನ ಪದರಗಳ ಅಧ್ಯಯನ ನಡೆಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಮುಳುಗಿದ ಮೇಲೆ ಆ ಮರಳನ್ನು ಅಗೆದು ನೋಡುವ ಅವಕಾಶವೇ ಇರುವುದಿಲ್ಲ.