ಪೀಪಿಯಲ್ಲ, ಒಪ್ಪಿದೆ

(ಪತ್ರದ ಸಾರ: ವಾದ್ಯಗಳ ಕುರಿತ ನಮ್ಮ ವಿಶೇಷ ಸಂಚಿಕೆಯಲ್ಲಿ ವೀಣೆಯಿಂದ ಹಿಡಿದು ಸ್ಯಾಕ್ಸೊಫೋನ್‌ವರೆಗೆ ಎಲ್ಲಕ್ಕೂ ಜಾಗ ಸಿಕ್ಕಿತು. ಮೌತ್ ಆರ್ಗನ್ ಮಾತ್ರ ಮಕ್ಕಳ ಪುಟದಲ್ಲಿ, ಬುಗುರಿಯ ಪಕ್ಕ ಚಿತ್ರವಾಗಿ ಬಂತು. 12 ವರ್ಷಗಳಿಂದ ಅದನ್ನು ನುಡಿಸುತ್ತಿರುವ ಓದುಗರೊಬ್ಬರು ಇದನ್ನು ಪ್ರಶ್ನಿಸಿದ್ದಾರೆ. ಸಂಗೀತಗಾರರ ಜಂಬವೊಂದೇ ಈ ತಾತ್ಸಾರಕ್ಕೆ ಕಾರಣ ಎನ್ನುತ್ತಾರೆ. ‘ಮೌತ್ ಆರ್ಗನ್’ ಎಂಬ ಹೆಸರನ್ನೂ ಬಿಟ್ಟು ‘ಹಾರ್ಮೋನಿಕಾ’ ಎಂದೇ ಬರೆಯಬೇಕಂತೆ.)

ಮಾನ್ಯರೇ,

ಬುಗುರಿಯ ವಿಷಯದಲ್ಲಿ ತಪ್ಪು ನನ್ನದು. “ಇದನ್ನೆಲ್ಲಿ ಹಾಕೋಣ?” ಎಂದು ಪುಟ ಕಟ್ಟುವವರು ಕೇಳಿದಾಗ ತಲೆಯನ್ನೂ ಎತ್ತದೆ “ಮಕ್ಕಳ ಪುಟಕ್ಕೆ” ಅಂದುಬಿಟ್ಟೆ. ಗೋಷ್ಠಿಯೊಂದರಲ್ಲಿ ನೀವು ನುಡಿಸಿ ಕೂತ ಕೂಡಲೇ ನಿರೂಪಕರು “ಸರಿ, ಇನ್ನು ಸಂಗೀತ ಶುರು ಮಾಡೋಣ” ಎಂದರೆಂದು ಬರೆದಿದ್ದೀರಲ್ಲ, ಅದನ್ನು ಓದಿ ಆ ನಿರೂಪಕರ ಮೇಲೆ ಸಿಟ್ಟು ಬರುವ ಮೊದಲೇ ನನ್ನ ಮುಖ ನೆನಪಾಯಿತು.

ಆದರೂ ಎಲ್ಲವನ್ನೂ ಜಂಬದ ತಲೆಗೆ ಕಟ್ಟಲಾರೆ. ಜಂಬ ಇತ್ತು, ಸುಳ್ಳಲ್ಲ. 1940ರ ದಶಕದಲ್ಲಿ ಅಮೆರಿಕದ ಸಂಗೀತಗಾರರ ಒಕ್ಕೂಟ ಧ್ವನಿಮುದ್ರಣದ ವಿರುದ್ಧ ಮುಷ್ಕರ ಹೂಡಿದಾಗ ಮೌತ್ ಆರ್ಗನ್‌ನವರು ಆ ಲೆಕ್ಕಕ್ಕೇ ಬರಲಿಲ್ಲ. ಅವರ ಕೈಯಲ್ಲಿದ್ದುದನ್ನು ಒಕ್ಕೂಟ ವಾದ್ಯವೆಂದೇ ಎಣಿಸಿರಲಿಲ್ಲ. (ಉಳಿದವರು ಕೈಕಟ್ಟಿ ಕೂತಿದ್ದಾಗ ಇವರು ನುಡಿಸಬಹುದಾಗಿತ್ತು ಎಂಬುದು ಬೇರೆ ಮಾತು.) ಆದರೆ ಅದೇ ಕಾಲದಲ್ಲಿ, 1942ರಲ್ಲಿ, ಫ್ರಾನ್ಸಿನ ದಾರಿಯೂ ಮಿಯೋ ಇದಕ್ಕಾಗಿ ವಾದ್ಯವೃಂದದೊಡನೆ ನುಡಿಸುವ ಕೃತಿಯನ್ನೇ ರಚಿಸಿದರು. 1951ರಲ್ಲಿ, 80ರ ಅಂಚಿನಲ್ಲಿದ್ದ ಇಂಗ್ಲೆಂಡಿನ ವಾನ್ ವಿಲಿಯಮ್ಸ್, ಮೌತ್ ಆರ್ಗನ್ ವಾದಕ ಲ್ಯಾರಿ ಆಡ್ಲರ್ ನುಡಿಸಲೆಂದು ಇನ್ನೊಂದನ್ನು ಬರೆದರು. ಆಮೇಲೆ ಮಾಲ್ಕಮ್ ಆರ್ನಾಲ್ಡ್, ವಿಲ್ಲಾ-ಲೋಬೋಸ್ ಬಂದರು. ದೊಡ್ಡವರೆಲ್ಲ ಮೂಗು ಮುರಿದರು ಎಂಬ ನಿಮ್ಮ ವಾದ ಇಲ್ಲಿ ಎಡವುತ್ತದೆ. ಅವರು ಗೌರವ ಕೊಟ್ಟ ಮೇಲೂ ನನ್ನಂಥವನು ಅದನ್ನು ಬುಗುರಿಯ ಪಕ್ಕಕ್ಕೆ ಕಳಿಸಿದ್ದು ಹೇಗೆ?

ನನಗೆ ತೋಚುವ ಕಾರಣ ವಾದ್ಯದೊಳಗೇ ಇದೆ. ಕೊಳಲು ಹಿಡಿದವನಿಗೆ ಮೊದಲ ವಾರ ಬರೀ ಗಾಳಿ. ಮೌತ್ ಆರ್ಗನ್ನಿಗೆ ಬಾಯಿಟ್ಟು ಊದಿದರೆ ಸ-ಗ-ಪ ಒಟ್ಟಿಗೆ ಕೇಳುತ್ತದೆ. ಬಾಯಿ ಎತ್ತ ಸರಿಸಿ ಊದಿದರೂ ಅವೇ ಮೂರು ಸ್ವರ, ಸ್ಥಾಯಿಯಷ್ಟೇ ಬೇರೆ. ಮೂರು ವರ್ಷದ ಮಗು ಊದಿದರೂ ಶ್ರುತಿ ತಪ್ಪದು. ಹಾಗಾಗಲೆಂದೇ 10 ತೂತು, 20 ರೀಡುಗಳನ್ನು (ಉಸಿರಿಗೆ ಅದುರಿ ಸ್ವರ ಕೊಡುವ ತೆಳು ಪಟ್ಟಿಗಳನ್ನು) ಹೊಂದಿಸಿಟ್ಟಿದ್ದಾರೆ. ಹಾಗೆ ಹೊಂದಿಸುವಾಗ ಕೆಲವು ಸ್ವರಗಳನ್ನು ಬಿಡಬೇಕಾಯಿತು. ಕೆಳಸ್ಥಾಯಿಯಲ್ಲಿ ಸ ರಿ ಗ ಆದ ಮೇಲೆ ಮ ಇಲ್ಲ. ಪ ಆದ ಮೇಲೆ ದ ಇಲ್ಲ. ಮೇಲುಸ್ಥಾಯಿಯಲ್ಲಿ ನಿಷಾದ ಇಲ್ಲ. ಶಂಕರಾಭರಣದ ಏಳೂ ಸ್ವರ ಸಾಲಾಗಿ ಸಿಗುವುದು ನಡುವೆ, 4ರಿಂದ 7ನೆಯ ತೂತಿನವರೆಗೆ ಮಾತ್ರ. ಮಗುವಿಗೆ ಇದು ತಿಳಿಯುವುದೇ ಇಲ್ಲ. ದೊಡ್ಡವರಿಗೂ ತಿಳಿಯುವುದಿಲ್ಲ, ಯಾಕೆಂದರೆ ಬಹಳ ಮಂದಿ ಅಲ್ಲಿಯವರೆಗೆ ಹೋಗುವ ಮೊದಲೇ ನಿಲ್ಲಿಸಿರುತ್ತಾರೆ.

ಇಲ್ಲದ ಮಧ್ಯಮವನ್ನು ತರುವುದು ನಿಮಗೆ ಗೊತ್ತು; ಉಳಿದ ಓದುಗರಿಗಾಗಿ ಹೇಳುತ್ತೇನೆ. 2ನೆಯ ತೂತಿನಲ್ಲಿ ಉಸಿರು ಊದಿದರೆ ಗಾಂಧಾರ, ಎಳೆದರೆ ಪಂಚಮ. ಎಳೆಯುತ್ತಲೇ ನಾಲಿಗೆಯನ್ನು ತಗ್ಗಿಸಿ ಬಾಯೊಳಗಿನ ಪೊಳ್ಳನ್ನು ಹಿಗ್ಗಿಸಿದರೆ ಆ ಪಂಚಮ ಜಾರಿ ಪ್ರತಿಮಧ್ಯಮವಾಗುತ್ತದೆ, ಇನ್ನೂ ಜಾರಿ ಶುದ್ಧ ಮಧ್ಯಮವಾಗುತ್ತದೆ. ಒಂದೇ ತೂತಿನ ಎರಡು ರೀಡುಗಳಲ್ಲಿ ಮೇಲಿನ ಸ್ವರದ್ದು ಸೋಲುತ್ತ, ಕೆಳಗಿನದು ಅದುರತೊಡಗುತ್ತದೆ. 3ನೆಯ ತೂತು ಇನ್ನೂ ಕಷ್ಟ. ಅಲ್ಲಿನ ಕಾಕಲಿ ನಿಷಾದ ಮೂರು ಮೆಟ್ಟಿಲಿಳಿದು ಶುದ್ಧ ಧೈವತದವರೆಗೂ ಹೋಗಬಲ್ಲದು; ನಮಗೆ ಬೇಕಾದ ಚತುಶ್ರುತಿ ಧೈವತ ಎರಡನೆಯ ಮೆಟ್ಟಿಲಲ್ಲಿದೆ. ವೀಣೆಯಲ್ಲಾದರೆ ಬೆರಳಿಗೆ ಮೆಟ್ಟು ಸಿಗುತ್ತದೆ. ಇಲ್ಲಿ ನಾಲಿಗೆ ಶೂನ್ಯದಲ್ಲಿ ನಿಲ್ಲಬೇಕು, ಕಿವಿಯೊಂದನ್ನೇ ನಂಬಿ. ಹಾರ್ಮೋನಿಯಂನೊಳಗೂ ಇಂಥದೇ ರೀಡುಗಳಿವೆ. ಕೀಲಿಮಣೆಯ ಮೇಲೆ ಎಷ್ಟು ಒದ್ದಾಡಿದರೂ ಅವು ಜಾರುವುದಿಲ್ಲ. ಈ ಅಂಗೈಯಗಲದ ಡಬ್ಬಿಯಲ್ಲಿ ಜಾರುತ್ತವೆ.

ಇಷ್ಟೂ ನಡೆಯುವುದು ತುಟಿಯ ಹಿಂದೆ. ಅದರ ಮೇಲೆ ಎರಡು ಅಂಗೈ ಮುಚ್ಚಿಕೊಂಡಿರುತ್ತವೆ. ಸಭಿಕರಿಗೆ ಕಾಣುವುದು ಮುಖ ಮುಚ್ಚಿಕೊಂಡು ತಲೆ ಅಲ್ಲಾಡಿಸುವ ಒಬ್ಬ ಮನುಷ್ಯ. ನಾವು ಕಚೇರಿಗೆ ಹೋಗಿ ಕೇಳುತ್ತೇವೆ ಎನ್ನುತ್ತೇವೆ, ಆದರೆ ಅರ್ಧ ನೋಡುತ್ತೇವೆ: ಕಮಾನಿನ ಓಟ, ಮೃದಂಗದ ಮೇಲಿನ ಬೆರಳು. ಶ್ರಮ ಕಂಡರೆ ಮರ್ಯಾದೆ ತಾನಾಗಿ ಬರುತ್ತದೆ. ಕಲಿಸುವವರಿಗೂ ಇದೇ ತಾಪತ್ರಯ. ಪಿಟೀಲಿನ ಗುರು ಶಿಷ್ಯನ ಬೆರಳು ಹಿಡಿದು ತಿದ್ದಬಲ್ಲರು. ಶಿಷ್ಯನ ನಾಲಿಗೆಯನ್ನು ಯಾರು ಹಿಡಿದಾರು?

ತಯಾರಕರೂ ಇದನ್ನು ಜೇಬಿನ ಸಾಮಾನಾಗಿಯೇ ಬೆಳೆಸಿದರು. ಜರ್ಮನಿಯ ಟ್ರೊಸಿಂಗೆನ್‌ನ ಗಡಿಯಾರ ತಯಾರಕ ಮಥಿಯಾಸ್ ಹೋನರ್ 1857ರಲ್ಲಿ ಶುರುಮಾಡಿದಾಗ ಆ ವರ್ಷ ಆಗಿದ್ದು 650. 30 ವರ್ಷದ ನಂತರ ವರ್ಷಕ್ಕೆ 10 ಲಕ್ಷ ದಾಟಿತ್ತು. 1965ರಲ್ಲಿ ಜೆಮಿನಿ-6 ನೌಕೆಯ ವಾಲಿ ಶಿರಾ ಅಂತರಿಕ್ಷದಲ್ಲಿ ನುಡಿಸಿದ್ದೂ ನಾಲ್ಕೇ ತೂತಿನ ಪುಟಾಣಿ ಹೋನರ್. ಭೂಮಿ ಬಿಟ್ಟು ಹೋದ ಮೊದಲ ವಾದ್ಯಗಳ ಸಾಲಿನಲ್ಲಿದೆ, ಆದರೆ ಹೋದದ್ದು ಕ್ರಿಸ್ಮಸ್ ತಮಾಷೆಗಾಗಿ!

ನಿಮ್ಮ ಪತ್ರದಲ್ಲಿ ನನಗೆ ಕೊರತೆಯೆನಿಸಿದ್ದು ಬ್ಲೂಸ್‌ನವರು, ಅಂದರೆ ಅಮೆರಿಕದ ಕಪ್ಪು ಜನರ ಆ ಸಂಗೀತದವರು. ವಾದ್ಯವೃಂದದ ಕೃತಿಗಳ ಪಟ್ಟಿ ಕೊಟ್ಟಿದ್ದೀರಿ, ಅವರನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಆಡ್ಲರ್ ನುಡಿಸುತ್ತಿದ್ದುದು ಗುಂಡಿ ಒತ್ತಿದರೆ ಅರ್ಧ ಸ್ವರ ಏರುವ ಕ್ರೊಮ್ಯಾಟಿಕ್. 12 ತೂತಿನದಾದರೆ 48 ರೀಡು, ಯಾವ ಸ್ವರದ ಕೊರತೆಯೂ ಇಲ್ಲ. ಅಮೆರಿಕದ ಕಪ್ಪು ಜನರ ಕೈಯಲ್ಲಿದ್ದುದು ಕೊರತೆಯ ಆ 10 ತೂತಿನದೇ. ಅವರು ಮಾಡಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಗ್ರಹಭೇದ. ವಾದ್ಯದ ಪಂಚಮವನ್ನೇ ಷಡ್ಜ ಮಾಡಿಕೊಂಡರು. ಶಂಕರಾಭರಣ ಹರಿಕಾಂಭೋಜಿಯಾಯಿತು. ಷಡ್ಜ ಈಗ ಎಳೆಯುವ ಉಸಿರಿಗೆ ಬಂತು. ಜಾರಬಲ್ಲ ಸ್ವರಗಳೆಲ್ಲ ಅದರ ಸುತ್ತ ಸೇರಿದವು. ಜರ್ಮನಿಯಲ್ಲಿ ಹೊಂದಿಸಿಟ್ಟವರು ಕನಸಿನಲ್ಲೂ ಎಣಿಸಿರದ ಬಳಕೆ ಇದು. ಅವರಲ್ಲೊಬ್ಬನಾದ ಲಿಟ್ಲ್ ವಾಲ್ಟರ್ ಮೈಕನ್ನು ವಾದ್ಯದ ಜೊತೆಗೇ ಅಂಗೈಯೊಳಗೆ ಅದುಮಿಕೊಂಡು ಆಂಪ್ಲಿಫೈಯರ್‌ಗೆ ಕೊಟ್ಟಾಗ ಕೇಳುವ ದನಿ ನನಗಂತೂ ಮಿಯೋ ಕೃತಿಗಿಂತ ದೊಡ್ಡ ಸಾಕ್ಷಿ. ನೀವು ಒಪ್ಪಲಿಕ್ಕಿಲ್ಲ.

ಇನ್ನೊಂದು ಮಾತು, ಬೇಸರಿಸಬೇಡಿ. ತಾತ್ಸಾರದಲ್ಲಿ ನುಡಿಸುವವರ ಪಾಲೂ ಇದೆ. ಪಿಟೀಲು ಕಲಿಯುವವರು ‘ಅಭ್ಯಾಸ ಮಾಡುತ್ತೇನೆ’ ಎನ್ನುತ್ತಾರೆ. ಮೌತ್ ಆರ್ಗನ್‌ನವರನ್ನು ಕೇಳಿದರೆ ‘ಸುಮ್ನೆ, ಟೈಂಪಾಸ್’ ಎಂದು ಜೇಬಿಗೆ ಹಾಕಿಕೊಳ್ಳುತ್ತಾರೆ. ನೀವೇ ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ‘ನನ್ನ ಈ ಸಣ್ಣ ಹವ್ಯಾಸ’ ಎಂದಿದ್ದೀರಿ. 12 ವರ್ಷ ಮಾಡಿದ ಮೇಲೂ ಸಣ್ಣದೇ?

ಹೆಸರಿನ ವಿಷಯ. ‘ಹಾರ್ಮೋನಿಕಾ’ ಎಂದರೆ ಗೌರವ ಏರುತ್ತದೆಂದು ನನಗನ್ನಿಸುವುದಿಲ್ಲ. ಕಚೇರಿ ಸಭಾಂಗಣಗಳಿಗೆ ಇದನ್ನು ಕೊಂಡೊಯ್ದ ಆಡ್ಲರ್ ಅವರೇ ಆ ಹೆಸರನ್ನು ಇಷ್ಟಪಡದೆ ‘ಮೌತ್ ಆರ್ಗನ್’ ಎನ್ನುತ್ತಿದ್ದರು. ನಾವೂ ಹಾಗೇ ಬರೆಯುತ್ತೇವೆ.

ನಿಮ್ಮ ಪತ್ರ ಬಂದ ಸಂಜೆ ಡ್ರಾಯರಿನಿಂದ ನನ್ನದನ್ನು ಹುಡುಕಿ ತೆಗೆದೆ. ಮೂರು ಹಾಡು ಕಲಿತು ಬಿಟ್ಟವರಲ್ಲಿ ನಾನೂ ಒಬ್ಬ. ನಾಲ್ಕು ಸಂಜೆ 3ನೆಯ ತೂತಿನ ಮುಂದೆ ಕೂತೆ. ನಿಷಾದ ಜಾರಲಿಲ್ಲ, ಒಮ್ಮೆ ಉಸಿರು ಕಟ್ಟಿದಂತಾಯಿತು, ಒಮ್ಮೆ ಮನೆಯವರು “ಪೀಪಿ ಸಾಕು ಮಾಡಿ” ಅಂದರು. ಆದ್ದರಿಂದ ಒಂದು ಕೋರಿಕೆ: ಆ ಧೈವತವನ್ನು ಹಿಡಿಯುವುದು ಹೇಗೆಂದು ನೀವೇ ಬರೆದುಕೊಡಿ. ಎರಡು ಪುಟ, ಮಕ್ಕಳ ವಿಭಾಗದಿಂದ ದೂರ. ಫೋಟೊ ಕಳಿಸುವುದು ಬೇಡ, ಅದರಲ್ಲಿ ನಿಮ್ಮ ಅಂಗೈ ಬಿಟ್ಟು ಬೇರೇನೂ ಕಾಣುವುದಿಲ್ಲ.

-ಸಂ.